ಮಗಳಿಗೆ ಇಳಾ ಅಂತ ಹೆಸರಿಡ್ತೀನಿ ಅಂದ್ಯಲ್ಲ, ಅದಕ್ಕೆ

ಲೋ ಒತ್ತಕ್ಷರ,

ನಿನ್ನ ಮೆಸೇಜ್ ಬಂದು ಒಂಬತ್ತು ದಿನ ಆಯ್ತು, ಇವಳು ಓದಿದ್ರೂ ರಿಪ್ಲೈ ಮಾಡ್ತಿಲ್ಲ ಅಂತ ಬೇಜಾರು ಮಾಡ್ಕೊಂಡಿರ್ತೀಯ, ಗೊತ್ತು. ಮಗಳಿಗೆ ಇಳಾ ಅಂತ ಇಡೋಣ ಅಂದ್ಕೊಂಡಿದೀವಿ, ಆ ಹೆಸರಿಟ್ಕೊಂಡು ಮೂವತ್ತೆರಡು ವರ್ಷದಿಂದ ಓಡಾಡ್ತಿರೋಳು ನೀನು, ಸ್ಪೆಲಿಂಗ್ ಹೇಗಿಡೋದು, ಜನ ಸರಿಯಾಗಿ ಕರೀತಾರಾ, ನಿಜವಾಗ್ಲೂ ಚೆನ್ನಾಗಿದ್ಯಾ ಹೇಳು ಅಂತ ಕೇಳಿದ್ದೆ. ಕೊನೇಲಿ ಇನ್ನೊಂದು ಸಣ್ಣ ರಿಕ್ವೆಸ್ಟ್ ಬೇರೆ ಇತ್ತು. ನಾನು ಒಂಬತ್ತು ದಿನ ಸುಮ್ನಿದ್ದಿದ್ದು ಅದರಿಂದಾನೇ, ಅದಕ್ಕೆ ಆಮೇಲೆ ಬರ್ತೀನಿ. ಇದನ್ನ ಎಲ್ಲರೂ ಓದೋ ಹಾಗೆ ಹಾಕ್ತಿದೀನಿ, ಯಾಕಂದ್ರೆ ಮಗುಗೆ ಹೆಸರು ಹುಡುಕ್ತಿರೋರು ನಮ್ಮ ಬಳಗದಲ್ಲೇ ಇನ್ನೂ ಮೂರು ಜನ ಇದಾರೆ, ಅವರೂ ಓದ್ಲಿ. ಛತ್ರಿ ವಿಷಯ ಮಾತ್ರ ಎತ್ತಲ್ಲ, ಮಾತು ಕೊಟ್ಟಿದೀನಿ.

ಮೊದಲು ಚೆನ್ನಾಗಿದ್ಯಾ ಅನ್ನೋ ಪ್ರಶ್ನೆ. ಚೆನ್ನಾಗಿದೆ ಕಣೋ, ತುಂಬಾನೇ ಚೆನ್ನಾಗಿದೆ. ಇರೋದೇ ಎರಡಕ್ಷರ. ಇ ಅನ್ನುವಾಗ ತುಟಿ ನಗೋ ಹಾಗೆ ಅಗಲ ಆಗುತ್ತೆ, ಳಾ ಅನ್ನುವಾಗ ಬಾಯಿ ಪೂರ್ತಿ ತೆರೆಯುತ್ತೆ, ಆ ಕೊನೇ ದೀರ್ಘ ಇದ್ಯಲ್ಲ, ಅದನ್ನ ಉಸಿರು ಇರೋವರೆಗೂ ಎಳೀಬಹುದು, ಮೈದಾನದ ಆ ತುದೀಲಿ ಆಡ್ತಿರೋ ಮಗುಗೂ ಕೇಳ್ಸುತ್ತೆ. ಮೊಟಕು ಮಾಡೋಕೆ ಅದರಲ್ಲಿ ಏನೂ ಇಲ್ಲ, ಹಾಗಾಗಿ ಯಾರೂ ತಮಗೆ ತೋಚಿದ ಹಾಗೆ ಕತ್ತರಿಸಿ ಕರೆಯೋಕಾಗಲ್ಲ. ಅರ್ಥಾನೂ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ, ಇಳೆ ಅಂದ್ರೆ ಭೂಮಿ ಅಂತ ಕನ್ನಡ ಓದೋ ಎಲ್ಲರಿಗೂ ಗೊತ್ತು. ಸೀತಾ ಕನ್ನಡದಲ್ಲಿ ಸೀತೆ ಆದ ಹಾಗೆ, ಲತಾ ಲತೆ ಆದ ಹಾಗೆ, ಇಳಾ ಇಳೆ ಆಗಿದೆ ಅಷ್ಟೆ. ನಿನ್ನ ಹೆಂಡತಿ ಇಳೆ ಅಂತಾನೇ ಇಟ್ಬಿಡೋಣ ಅಂತಿದಾರೆ ಅಂದ್ಯಲ್ಲ, ಬರೆದು ನೋಡಿದ್ರೆ ಅದೂ ಚೆಂದ, ಆದ್ರೆ ಇಬ್ಬರೂ ಒಂದ್ಸಲ ಜೋರಾಗಿ ಕೂಗಿ ನೋಡಿ. ಎ ಬೇಗ ಮುಗಿದುಹೋಗುತ್ತೆ. ಹೆಸರನ್ನ ದಿನಕ್ಕೆ ಒಂದ್ಸಲ ಬರೀತೀವೋ ಇಲ್ವೋ, ಕೂಗೋದು ಮಾತ್ರ ನೂರು ಸಲ. ನನ್ನ ಓಟು ಇಳಾಗೇ.

ಹಳೇ ಹೆಸರು ಬೇರೆ. ಎಷ್ಟು ಹಳೇದು ಅಂದ್ರೆ ಋಗ್ವೇದದಲ್ಲಿ ಇಳಾ, ಸರಸ್ವತೀ, ಮಹೀ ಅಂತ ಮೂರು ದೇವಿಯರನ್ನ ಒಟ್ಟಿಗೆ ಕರೆದಿದ್ದಾರೆ. ಪುರಾಣಕ್ಕೆ ಬಂದ್ರೆ ಇಳಾ ಮನುವಿನ ಮಗಳು, ಬುಧನ ಹೆಂಡತಿ, ಪುರೂರವನ ತಾಯಿ, ಚಂದ್ರವಂಶ ಬೆಳೆದಿದ್ದು ಅವಳಿಂದ. ಆ ಪುರೂರವನ್ನ ಐಲ ಅಂತಾರೆ ನೋಡು, ಇಳೆಯ ಮಗ ಅಂತ, ಅಪ್ಪನ ಹೆಸರಿಂದಲ್ಲ, ಅಮ್ಮನ ಹೆಸರಿಂದ. ನನಗೆ ಈ ಹೆಸರಿನ ಬಗ್ಗೆ ಅತೀ ಹೆಚ್ಚು ಹೆಮ್ಮೆ ಇರೋದು ಆ ಒಂದು ವಿಷಯಕ್ಕೆ. ಇದೇ ಇಳಾ ಕಥೇಲಿ ಗಂಡಾಗಿಯೂ ಬದಲಾಗ್ತಾಳೆ, ಆಗ ಹೆಸರು ಸುದ್ಯುಮ್ನ. ನಿನ್ನ ಮಗಳು ಕಥೆ ಕೇಳೋ ವಯಸ್ಸಿಗೆ ಬಂದಾಗ ಅದನ್ನ ಹೇಳೋ ಕೆಲಸ ನನಗೆ ಬಿಡು, ನೀನು ಹೇಳೋಕೆ ಹೋಗಿ ಅರ್ಧಕ್ಕೇ ನಿಲ್ಲಿಸ್ತೀಯ.

ಈಗ ಜನ ಸರಿಯಾಗಿ ಕರೀತಾರಾ ಅನ್ನೋದು. ಇಲ್ಲ ಕಣೋ. ಸುಳ್ಳು ಹೇಳಲ್ಲ. ಇಡೀ ಹೆಸರು ನಿಂತಿರೋದು ಒಂದು ಳ ಮೇಲೆ. ಲ ಅನ್ನೋಕೆ ನಾಲಿಗೆ ತುದಿ ಹಲ್ಲಿನ ಹಿಂದೆ ತಾಗಿದ್ರೆ ಸಾಕು, ಳ ಅನ್ನೋಕೆ ಅದು ಹಿಂದಕ್ಕೆ ಮಡಚ್ಕೊಂಡು ಅಂಗುಳ ಮುಟ್ಟಬೇಕು, ಅಂಗುಳ ಅನ್ನೋ ಪದದಲ್ಲೇ ಆ ಅಕ್ಷರ ಕೂತಿದೆ ನೋಡು, ಹೇಳ್ತಾ ಹೇಳ್ತಾ ನಾಲಿಗೆ ತಾನೇ ಅಲ್ಲಿಗೆ ಹೋಗುತ್ತೆ. ವರ್ಣಮಾಲೇಲಿ ಎಲ್ಲಕ್ಕಿಂತ ಕೊನೇಲಿ ನಿಂತಿರೋ ಅಕ್ಷರ ಅದು. ಕನ್ನಡ, ತೆಲುಗು, ತಮಿಳು, ಮಲಯಾಳದೋರಿಗೆ ಕಷ್ಟ ಇಲ್ಲ, ಮರಾಠಿ ಗುಜರಾತಿ ಒಡಿಯಾದಲ್ಲೂ ಇದೆ. ಹಿಂದಿ ಬಂಗಾಳಿಯೋರಿಗೆ ಅದು ಬಾಯಿಗೆ ಹತ್ತಲ್ಲ, ಅವರು ಇಲಾ ಅಂತಾರೆ. ಅವರದ್ದು ತಪ್ಪು ಅಂತಾನೂ ಹೇಳೋಕಾಗಲ್ಲ, ಯಾಕಂದ್ರೆ ವೇದದಲ್ಲಿದ್ದ ಳ ಮುಂದಿನ ಸಂಸ್ಕೃತದಲ್ಲಿ ಉಳೀಲಿಲ್ಲ, ಇದೇ ಹೆಸರನ್ನ ಇಲಾ, ಇಡಾ ಅಂತ ಬರೆದಿರೋದು ಸಿಗುತ್ತೆ. ಋಗ್ವೇದ ಶುರುವಾಗೋದೇ ಅಗ್ನಿಮೀಳೇ ಅಂತ, ಅಲ್ಲೇ ಳ ಇದೆ. ಆದ್ರೆ ನಮ್ಮಲ್ಲಿ ಹಾಲು ಬೇರೆ ಹಾಳು ಬೇರೆ, ಹಲ್ಲಿ ಬೇರೆ ಹಳ್ಳಿ ಬೇರೆ. ಲ ಹಾಕಿದ ತಕ್ಷಣ ಭೂಮಿ ಕೈಬಿಟ್ಟು ಹೋಗುತ್ತೆ. ಮಲಯಾಳದೋರಿಗೆ ಲ ಹಾಕಿ ಇಲ ಅಂದ್ರೆ ಎಲೆ. ಎಲೆನೂ ಒಳ್ಳೇದೇ, ಆದ್ರೆ ನಾವು ಇಟ್ಟ ಹೆಸರು ಅದಲ್ವಲ್ಲ.

ಇನ್ನೊಂದು, ನಿನ್ನ ಮಗಳೇ ಮೊದಮೊದಲು ತನ್ನ ಹೆಸರನ್ನ ಇಲಾ ಅಂತಾಳೆ. ಎಷ್ಟೋ ಮಕ್ಕಳಿಗೆ ಳ ನಿಧಾನಕ್ಕೆ ಬರುತ್ತೆ. ಆಗ ತಿದ್ದೋಕೆ ಹೋಗ್ಬೇಡಿ. ನೀವಿಬ್ರು ಮನೇಲಿ ಸರಿಯಾಗಿ ಅಂತಿದ್ರೆ ಸಾಕು, ಒಂದಿನ ತಾನೇ ಬರುತ್ತೆ.

ಸ್ಪೆಲಿಂಗ್ ವಿಷಯ. ಕನ್ನಡದಲ್ಲಿ ತಲೆನೋವಿಲ್ಲ, ಬರೆದ ಹಾಗೆ ಓದ್ತೀವಿ. ಇಂಗ್ಲಿಷಲ್ಲಿ ನಾನು ಬರೆಯೋದು ಐ ಎಲ್ ಎ, ಮೂರೇ ಅಕ್ಷರ, ಅದರ ಕಷ್ಟಗಳನ್ನ ಒಂದೊಂದಾಗಿ ಹೇಳ್ತೀನಿ ಕೇಳು. ಈಗಿನ ಫೋನು ಕಂಪ್ಯೂಟರುಗಳ ಎಷ್ಟೋ ಫಾಂಟ್‌ಗಳಲ್ಲಿ ಕ್ಯಾಪಿಟಲ್ ಐ ಮತ್ತು ಸ್ಮಾಲ್ ಎಲ್ ಎರಡೂ ಒಂದೊಂದು ನೆಟ್ಟಗಿನ ಕಡ್ಡಿ. ಪಕ್ಕಪಕ್ಕ ನಿಂತ್ರೆ ಯಾವುದು ಯಾವುದು ಅಂತ ಯಾರಿಗೂ ಗೊತ್ತಾಗಲ್ಲ, ನನ್ನ ಹೆಸರನ್ನ ಎರಡು ಎಲ್ ಅಂತ ಓದಿ ಲ್ಲಾ ಅಂದೋರಿದಾರೆ, ಹನ್ನೊಂದು ಅಂತ ಓದಿದೋರೂ ಇದಾರೆ. ಎಲ್ಲಾ ಕ್ಯಾಪಿಟಲ್‌ನಲ್ಲಿ ಬರೆದ್ರೆ ಈ ತೊಂದ್ರೆ ಇಲ್ಲ, ಪಾಸ್‌ಪೋರ್ಟಿನ ಕೆಳಗಡೆ ಮೆಷಿನ್ ಓದೋ ಎರಡು ಸಾಲಲ್ಲಿ ಬರೀ ಕ್ಯಾಪಿಟಲ್ಲೇ ಇರೋದು, ಅಲ್ಲಿ ನನ್ನ ಹೆಸರು ಎಷ್ಟು ಸ್ಪಷ್ಟವಾಗಿ ಕಾಣುತ್ತೆ ಅಂದ್ರೆ ನೋಡೋಕೇ ಖುಷಿ ಆಗುತ್ತೆ. ಎರಡನೇದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡೋರಿಗೆ ಅದು ಇಲ್ಲ ಅಂತ ಕಾಣುತ್ತೆ. ‘ಇಳಾ ಬಂದ್ಲಾ’ ಅಂತ ಯಾರೋ ಕೇಳಿದ್ದು ‘ಇಲ್ಲ ಬಂದ್ಲಾ’ ಆಗಿ, ಅದಕ್ಕೆ ಇನ್ಯಾರೋ ‘ಇಲ್ಲ’ ಅಂತ ಉತ್ತರ ಕೊಟ್ಟು, ನಾನು ಅಲ್ಲೇ ಕೂತಿದ್ದು, ಅದೆಲ್ಲ ನಿನಗೆ ಗೊತ್ತೇ ಇದೆ. ಮೂರನೇದು, ಇಂಗ್ಲಿಷ್ ಓದೋ ನಾಲಿಗೆ ಮೊದಲ ಐ ನೋಡಿ ಐಲಾ ಅನ್ನುತ್ತೆ. ಇಂಗ್ಲೆಂಡ್ ಸ್ಕಾಟ್ಲೆಂಡ್ ಕಡೆ ಹುಡುಗಿಯರಿಗೆ ಐಲಾ ಅಂತ ಬೇರೇನೇ ಹೆಸರಿದೆ, ಮಧ್ಯ ಒಂದು ಎಸ್ ಇದ್ರೂ ಅದನ್ನ ಓದಲ್ಲ, ಆ ಪ್ರಭಾವಾನೂ ಇರ್ಬಹುದು. 2009ರ ಮೇ ತಿಂಗಳಲ್ಲಿ ಬಂಗಾಳಕ್ಕೆ ಐಲಾ ಚಂಡಮಾರುತ ಅಪ್ಪಳಿಸಿದಾಗ ನೀನು ನನಗೆ ಏನಂತ ಹೆಸರಿಟ್ಟೆ, ಆ ಬೇಸಿಗೆ ರಜೆ ಪೂರ್ತಿ ಹೇಗೆ ಕಾಟ ಕೊಟ್ಟೆ, ನಿನ್ನ ಮಗಳಿಗೆ ಅದನ್ನೂ ಹೇಳ್ತೀನಿ ಇರು.

ಹಾಗಂತ ಅಕ್ಷರ ಸೇರಿಸೋಕೆ ಹೋದ್ರೆ ಇನ್ನೂ ಕೆಡುತ್ತೆ. ಐ ಬದಲು ಇಂಗ್ಲಿಷಿನ ಇ ಹಾಕಿ ಶುರು ಮಾಡಿದ್ರೆ ಏಲಾ ಆಗುತ್ತೆ, ಸಂಸ್ಕೃತದಲ್ಲಿ ಏಲಾ ಅಂದ್ರೆ ಏಲಕ್ಕಿ. ಎರಡು ಇ ಹಾಕಿದ್ರೆ ಈಲಾ. ಎರಡು ಎಲ್ ಹಾಕಿದ್ರೆ ಪೂರ್ತಿ ಇಲ್ಲಾನೇ. ನಿನ್ನ ಭಾವ ಜ಼ಡ್ ಎಚ್ ಹಾಕಿ ಅಂತ ಸಲಹೆ ಕೊಟ್ರು ಅಂದ್ಯಲ್ಲ, ಅದನ್ನ ದಯವಿಟ್ಟು ಮಾಡ್ಬೇಡಿ. ಅದು ತಮಿಳು ಮಲಯಾಳದ ಇನ್ನೊಂದು ಧ್ವನಿಗೆ ಬಳಸೋದು, ಹಳಗನ್ನಡದಲ್ಲೂ ೞ ಅಂತ ಇತ್ತು, ಅದು ಆಮೇಲೆ ಳ ಜೊತೆ ಕಲೆತುಹೋಯ್ತು, ನಮ್ಮ ಹೆಸರಲ್ಲಿರೋದು ಅದಲ್ವೇ ಅಲ್ಲ. ಶಾಸ್ತ್ರೋಕ್ತವಾಗಿ ಬರೆಯೋದಾದ್ರೆ ಎಲ್ ಕೆಳಗೆ ಒಂದು ಚುಕ್ಕಿ ಇಡ್ಬೇಕು, 2001ರ ಐಎಸ್ಓ 15919 ಅನ್ನೋ ಲಿಪ್ಯಂತರ ನಿಯಮದಲ್ಲಿ ಳಗೆ ಕೊಟ್ಟಿರೋದು ಅದೇ ಗುರುತು. ಆದ್ರೆ ಯಾವ ಫಾರಂ ಆ ಚುಕ್ಕೀನ ಒಳಗೆ ಬಿಟ್ಕೊಳ್ಳುತ್ತೆ ಹೇಳು. ನನಗೆ ಅತೀ ಇಷ್ಟದ್ದು ನಾವು ಚಾಟಲ್ಲಿ ಬರೀತಿದ್ವಲ್ಲ, ಸ್ಮಾಲ್ ಐ, ಕ್ಯಾಪಿಟಲ್ ಎಲ್, ಸ್ಮಾಲ್ ಎ. ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರುಗಳಲ್ಲಿ ಕ್ಯಾಪಿಟಲ್ ಎಲ್ ಒತ್ತಿದ್ರೆ ಳ ಬರುತ್ತಲ್ಲ, ಅದೇ. ಕಡ್ಡಿ ಗೊಂದಲಾನೂ ಇಲ್ಲ, ಳನೂ ಉಳೀತು. ದಾಖಲೇಲಿ ಹಾಗೆ ಬರೆಯೋಕಾಗಲ್ಲ ಅನ್ನೋದೊಂದೇ ದುಃಖ.

ಈಗ ಆ ರಿಕ್ವೆಸ್ಟು. ‘ನಿಮ್ಮಪ್ಪ ನಿನ್ನ ಹೆಸರು ಕರೆಯೋದನ್ನ ಒಂದು ರೆಕಾರ್ಡ್ ಮಾಡಿ ಕಳಿಸು, ನಮ್ಮನೇಲಿ ಎಲ್ಲರೂ ಇಲಾ ಇಲಾ ಅಂತಿದಾರೆ, ಸರಿಯಾಗಿ ಹೇಗನ್ನೋದು ಅಂತ ಕೇಳಿಸ್ತೀನಿ, ಸ್ಕೂಲ್ ಗೇಟ್ ಹತ್ರ ನಿಂತು ಅವರು ಕರೀತಿದ್ದಿದ್ದು ನನ್ನ ಕಿವೀಲಿ ಇನ್ನೂ ಹಾಗೇ ಇದೆ’ ಅಂತ ಬರ್ದಿದ್ದೆ. ಹೊಸದಾಗಿ ರೆಕಾರ್ಡ್ ಯಾಕೆ, ಅಪ್ಪ ಕಳಿಸಿರೋ ವಾಯ್ಸ್ ಮೆಸೇಜ್ ರಾಶಿ ಬಿದ್ದಿವೆ, ಒಂದನ್ನ ಫಾರ್ವರ್ಡ್ ಮಾಡಿದ್ರಾಯ್ತು ಅಂತ ಅವತ್ತು ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಕೂತೆ. ‘ಪುಟ್ಟಾ, ತಲುಪಿದ್ಯಾ.’ ‘ಪುಟ್ಟಾ, ಫೋನ್ ಎತ್ಲಿಲ್ಲ, ಕೆಲಸದಲ್ಲಿದೀಯೇನೋ, ಆಮೇಲೆ ಮಾಡು.’ ‘ಪುಟ್ಟಾ, ಆ ಪಾಸ್‌ವರ್ಡ್ ಇನ್ನೊಂದ್ಸಲ ಹೇಳು.’ ಅರವತ್ತಮೂರು ಮೆಸೇಜ್ ಕೇಳಿದೆ ಕಣೋ. ಒಂದ್ರಲ್ಲೂ ನನ್ನ ಹೆಸರಿಲ್ಲ. ಪ್ರೀತಿಗೆ ಪುಟ್ಟಾ ಅಂತಾರೆ ಅಷ್ಟೆ ಅಂದ್ಕೊಂಡು ಮಲಗಿದೆ, ನಿದ್ದೆ ಬರ್ಲಿಲ್ಲ, ಮಧ್ಯರಾತ್ರಿ ಮೇಲೆ ಯಾವಾಗ್ಲೋ ನೆನಪಾಯ್ತು.

ನಾವಿಬ್ರೂ ಬೇರೆ ಬೇರೆ ಕಾಲೇಜಿಗೆ ಸೇರಿದ ವರ್ಷ. ಮೊದಲನೇ ವಾರ. ನಾನು ಟಿಫನ್ ಬಾಕ್ಸ್ ಬಿಟ್ಟು ಹೋಗಿದ್ದೆ, ಅಪ್ಪ ತಂದ್ರು, ಕಾಂಪೌಂಡ್ ಆಚೆಯಿಂದ್ಲೇ ಕರೆದ್ರು, ನಿನಗೆ ಗೊತ್ತಲ್ಲ ಆ ಧ್ವನಿ, ಇ ಸಣ್ಣಗೆ, ಳಾ ಅಷ್ಟುದ್ದ. ನನ್ನ ಜೊತೆಗಿದ್ದ ಇಬ್ಬರು ಹುಡುಗಿಯರು ನಾಲಿಗೆ ಮಡಚಿ ಅದನ್ನ ಹಾಗೇ ಅಣಕಿಸಿ ನಕ್ರು. ಅಷ್ಟೇ ಆಗಿದ್ದು. ಅವತ್ತು ಸಾಯಂಕಾಲ ಅಪ್ಪ ಚಪ್ಪಲಿ ಬಿಡ್ತಿದ್ರು, ಒಂದು ಕೈ ಗೋಡೆ ಮೇಲಿತ್ತು, ನಾನು ‘ಎಲ್ಲರ ಮುಂದೆ ಹಾಗೆ ಕರೀಬೇಡಿ, ಇಲಾ ಅನ್ನಿ, ಅದಾಗಲ್ಲ ಅಂದ್ರೆ ಕರೀಲೇಬೇಡಿ’ ಅಂದೆ. ಅವರು ಎರಡನೇ ಚಪ್ಪಲೀನೂ ಬಿಟ್ಟು, ಜೋಡಿ ಮಾಡಿ ಇಟ್ಟು, ‘ಆಯ್ತು ಪುಟ್ಟಾ’ ಅಂದ್ರು.

ಪುಟ್ಟಾ ಅಂತ ಅವರು ಅಂದಿದ್ದು ಅದೇ ಮೊದಲು. ಅದಕ್ಕೆ ಮುಂಚೆ ಒಂದ್ಸಲನೂ ಅಂದಿರ್ಲಿಲ್ಲ.

ಎಲ್ಲರ ಮುಂದೆ ಅಂತ ನಾನಂದಿದ್ದು, ಅವರು ಮನೆಯೊಳಗೂ ಬಿಟ್ಬಿಟ್ರು. ಹದಿನಾರು ವರ್ಷ ಆ ಹೆಸರಲ್ಲಿ ಕರೆಸ್ಕೊಂಡೆ, ಆಮೇಲಿನ ಹದಿನಾರು ವರ್ಷ ಕರೆಸ್ಕೊಂಡೇ ಇಲ್ಲ, ಮತ್ತೆ ನನಗೆ ಅದು ಗೊತ್ತೂ ಆಗಿರ್ಲಿಲ್ಲ. ಯಾರೂ ನನ್ನ ಹೆಸರನ್ನ ಸರಿಯಾಗಿ ಕರೆಯಲ್ಲ ಅಂತ ಇಷ್ಟು ವರ್ಷ ಊರೆಲ್ಲ ಹೇಳ್ಕೊಂಡು ಬಂದಿದೀನಿ. ಸರಿಯಾಗಿ ಕರೀತಿದ್ದೋರ ಬಾಯಿ ನಾನೇ ಮುಚ್ಚಿಸಿದೀನಿ. ಬೆಳಗ್ಗೆ ಎದ್ದು, ಅಪ್ಪಂದು ಇಲ್ದಿದ್ರೆ ನಂದೇ ಕಳಿಸೋಣ ಅಂತ ಫೋನ್ ಹಿಡ್ಕೊಂಡು ನನ್ನ ಹೆಸರು ನಾನೇ ಹೇಳಿದೆ, ಪ್ಲೇ ಮಾಡಿದ್ರೆ ಲ ಕೇಳ್ತಿದೆ. ಮತ್ತೆ ಹೇಳಿದೆ, ಮತ್ತೆ ಲ. ಫೋನಲ್ಲಿ ಪರಿಚಯ ಹೇಳಿ ಹೇಳಿ, ಬೇಗ ಮುಗೀಲಿ ಅಂತ ಇಲಾ ಅಂದು ಅಂದು, ನಾಲಿಗೆಗೆ ದಾರಿನೇ ಮರೆತುಹೋಗಿದೆ. ನಾಲ್ಕನೇ ಸಲಕ್ಕೆ ಬಂತು. ಅದನ್ನ ನಿನಗೆ ಕಳಿಸೋಕೆ ಮನಸ್ಸಾಗ್ಲಿಲ್ಲ, ಡಿಲೀಟ್ ಮಾಡಿದೆ.

ಇಷ್ಟೆಲ್ಲ ಬರೆಯೋ ಯೋಚ್ನೆ ಇರ್ಲಿಲ್ಲ ಕಣೋ. ನೀನು ಕೇಳಿದ್ದು ಸ್ಪೆಲಿಂಗು. ಐ ಎಲ್ ಎ ಅಂತಾನೇ ಇಡಿ, ಹೆಚ್ಚಿಗೆ ಒಂದಕ್ಷರಾನೂ ಬೇಡ, ಕನ್ನಡದಲ್ಲಿ ಬರೆಯೋ ಕಡೆಯೆಲ್ಲ ಮರೀದೆ ಳ ಬರೆಸು, ಯಾರಾದ್ರೂ ಲ ಬರೆದ್ರೆ ಅಲ್ಲೇ ನಿಂತು ತಿದ್ದಿಸು, ನಾಚ್ಕೋಬೇಡ. ನಿನ್ನ ಹೆಸರಿನ ಒತ್ತುಗಳನ್ನ ಸರಿ ಮಾಡಿಸೋಕೆ ಹತ್ತು ವರ್ಷ ಕ್ಲಾಸಲ್ಲಿ ಎದ್ದು ನಿಂತೋನು ನೀನು, ಇದೇನು ಕಷ್ಟ ಆಗಲ್ಲ. ಐಲಾ ಅಂತ ಮೊದಲು ರೇಗಿಸೋದು ಮಾತ್ರ ನೀನೇ ಆಗಿರ್ತೀಯ, ಅದು ಗೊತ್ತಿದ್ದೇ ಓಟು ಹಾಕ್ತಿದೀನಿ.

ಆಡಿಯೋಗೆ ಭಾನುವಾರದವರೆಗೆ ಟೈಮ್ ಕೊಡು. ಅಪ್ಪ ಬರ್ತಿದಾರೆ. ನೇರವಾಗಿ ಕೇಳೋಕೆ ನನ್ನಿಂದ ಆಗಲ್ಲ, ನಿನ್ನ ಮಗಳ ನೆಪದಲ್ಲಿ ಕೇಳ್ತೀನಿ, ಒತ್ತಕ್ಷರನ ಮಗಳಿಗೆ ಹೆಸರಿಡ್ತಿದಾರಂತೆ ಅಪ್ಪಾ, ಅದನ್ನ ಹೇಗನ್ನೋದು ಅಂತ ಒಂದ್ಸಲ ಹೇಳ್ಕೊಡಿ ಅಂತ. ಒತ್ತಕ್ಷರ ಅಂತಾನೇ ಹೇಳ್ಬೇಕು, ನಿನ್ನ ನಿಜವಾದ ಹೆಸರು ಹೇಳಿದ್ರೆ ಅದ್ಯಾರು ಅಂತ ಕೇಳ್ತಾರೆ.

ಮಗುಗೂ ಅವಳ ಅಮ್ಮಂಗೂ ನನ್ನ ಪ್ರೀತಿ.

ಇಳಾ