ಹೊಡೆದುಹಾಕಿದ ಸಾಲು

ಮಗಳೇ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕಾಗುಣಿತ, ಅಧ್ಯಾಯಗಳ ಜೋಡಣೆ, ಯಾರು ಅಚ್ಚು ಹಾಕುತ್ತಾರೆ ಅನ್ನುವುದೆಲ್ಲ ಹಾಗಿರಲಿ, ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಜೊತೆಗಿಟ್ಟ ಚೀಟಿ ಮಾತ್ರ ನನ್ನ ನಿದ್ದೆ ಕೆಡಿಸಿತು. "ಅಮ್ಮನ ಆರೈಕೆಯಲ್ಲಿ ಸೋತುಹೋಗಿದ್ದೇನೆ. ಪ್ರಾರ್ಥಿಸಿದರೂ ಬಲ ಬರುತ್ತಿಲ್ಲ. ದೇವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ."

ಈ ಮೂರು ಸಾಲು ನಿಜ. ಹಸ್ತಪ್ರತಿಯಲ್ಲಿ ಅಷ್ಟು ನಿಜ ಎಲ್ಲಿದೆ? ಪ್ರತಿ ಅಧ್ಯಾಯವೂ ಕಣ್ಣೀರಿನಲ್ಲಿ ಶುರುವಾಗಿ ಎರಡೇ ಪುಟದಲ್ಲಿ ಹದ್ದಿನ ಹಾಗೆ ಹಾರಿಬಿಡುತ್ತದೆ. ಯಾರನ್ನು ಮೆಚ್ಚಿಸಲು? ಬೈಬಲಿನ ಪ್ರವಾದಿ ಯೆಶಾಯನ ಪುಸ್ತಕದ 40ನೇ ಅಧ್ಯಾಯವನ್ನು ಎತ್ತಿ ಬರೆದಿದ್ದೀಯ, ಸಾವಧಾನವಾಗಿ ಓದಿಲ್ಲ. ದೇವರಿಗಾಗಿ ಕಾಯುವವರು ಬಲ ಪಡೆದು ಅಲ್ಲಿ ಮೊದಲು ಹದ್ದಿನ ಹಾಗೆ ಹಾರುವುದು, ಆಮೇಲೆ ಓಡುವುದು, ಕೊನೆಗೆ ಬಳಲದೆ ನಡೆಯುವುದು. ನಡುರಾತ್ರಿ ಅಮ್ಮನ ಹಾಸಿಗೆಯ ಬಳಿಗೆ ಎದ್ದು ಹೋಗುವವಳಿಗೆ ಬೇಕಾದದ್ದು ಆ ಕೊನೆಯದು.

ಇಷ್ಟು ಗಡುಸಾಗಿ ಹೇಳುವುದಕ್ಕೆ ಕಾರಣವಿದೆ. ನನ್ನವರು ತೀರಿಕೊಂಡ ವರ್ಷ ಒಂದು ಪತ್ರಿಕೆಗೆ ವಾರವಾರ ಧ್ಯಾನದ ಅಂಕಣ ಬರೆಯುತ್ತಿದ್ದೆ. ಎದೆಯೆಲ್ಲ ಬೂದಿ, ಬರಹದಲ್ಲಿ ಜಯಘೋಷ. "ಓದುಗರಿಗೆ ಸೋಲಿನ ಮಾತು ಬೇಡಮ್ಮ" ಅಂದರು ಸಂಪಾದಕರು. ಒಪ್ಪಿಕೊಂಡೆ. ಹೊಗಳಿಕೆ ಬಂತು, ಹಿತವಾಗಿಯೂ ಇತ್ತು. ಆಗ ಕಾಯಿಲೆ ಬಿದ್ದಿದ್ದ ಒಬ್ಬ ಹೆಣ್ಣುಮಗಳು ಕೇಳಿದಳು: "ನಿಮಗೆ ಬಂದ ಬಲ ನನಗೇಕೆ ಬರಲಿಲ್ಲ? ನನ್ನ ನಂಬಿಕೆಯಲ್ಲೇ ದೋಷವಿರಬೇಕು." ನಿಜ ಹೇಳಲು ಧೈರ್ಯ ಸಾಲದೆ ತಿಂಗಳುಗಟ್ಟಲೆ ತಡಮಾಡಿದೆ. ಕೊನೆಗೆ ಬರೆದ ಉತ್ತರವನ್ನು ಆಕೆಯ ಮಗ ಒಡೆಯದೆ ಹಿಂದಿರುಗಿಸಿದ. ಆ ಲಕೋಟೆ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಬೈಬಲಿನಲ್ಲಿ ಅರಸುಗಳು ಮೊದಲನೆಯ ಪುಸ್ತಕದ 19ನೇ ಅಧ್ಯಾಯ ತೆಗೆ. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳೆದುರು ಗೆದ್ದು ಬಂದ ಪ್ರವಾದಿ ಎಲೀಯ ಅಡವಿಯ ಗಿಡವೊಂದರ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡುತ್ತಾನೆ. ದೇವರು ಗದರಲಿಲ್ಲ, ಮಲಗಲು ಬಿಟ್ಟ. ದೂತ ಮುಟ್ಟಿ ಎಬ್ಬಿಸಿದಾಗ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಎಬ್ಬಿಸಿ ಉಣ್ಣಲು ಹೇಳಿದ, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದ. ಆ ಊಟದ ಬಲದಿಂದಲೇ ಎಲೀಯ 40 ದಿನ ಹಗಲಿರುಳು ದೇವರ ಬೆಟ್ಟವಾದ ಹೋರೇಬಿಗೆ ನಡೆದದ್ದು. ದೇವರ ಮೆಲುದನಿ ಕೇಳಿಸಿದ್ದು ಅದಾದ ಮೇಲೆ.

ನೆರೆಮನೆಯಾಕೆ ಊಟ ತಂದಿಟ್ಟು, ನಿನ್ನನ್ನು ಮಲಗಿಸಿ ತಾನು ಅಮ್ಮನ ಬಳಿ ಕೂತದ್ದನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಬಲ ಬರಲಿಲ್ಲ ಅನ್ನುತ್ತೀಯಲ್ಲ ಮಗಳೇ, ಆ ಮಧ್ಯಾಹ್ನ ಬಂದದ್ದು ಏನು?

17ನೇ ಪುಟದಲ್ಲಿ "ಇವತ್ತು ಪ್ರಾರ್ಥನೆ ಬರಲಿಲ್ಲ, ಅಮ್ಮನ ಕೈ ಹಿಡಿದು ಸುಮ್ಮನೆ ಕೂತೆ" ಎಂದು ಬರೆದು ಹೊಡೆದುಹಾಕಿದ್ದೀಯ. ಗೀಟಿನ ಅಡಿಯಲ್ಲಿ ಅಕ್ಷರ ಇನ್ನೂ ಕಾಣುತ್ತದೆ. ಅದನ್ನು ಮತ್ತೆ ಬರೆ, ಅಲ್ಲಿಂದ ಶುರುಮಾಡು. ಇವತ್ತೇ ಬೇಡ. ಇವತ್ತು ರಾತ್ರಿ ಅಮ್ಮನ ಬಳಿ ನಿನ್ನ ತಮ್ಮ ಕೂರಲಿ, ನೀನು ಮಲಗು.