ಶನಿವಾರದ ಹವಾಮಾನ ಬದಲಾವಣೆ ಪಾಠದ ತರಬೇತಿಗೆ ಬರೋ ಟೀಚರ್‌ಗಳಿಗೆ

ಎಲ್ಲರಿಗೂ ನಮಸ್ಕಾರ, ಶನಿವಾರ ಮಡಿಕೇರಿಗೆ ಬರುವಾಗ ನಿಮ್ಮೂರಲ್ಲಿ ಯಾರಾದ್ರೂ ತೋಟದವರ ಹತ್ರ ಹಳೇ ಮಳೆ ಲೆಕ್ಕದ ಪುಸ್ತಕ ಇದ್ರೆ ದಯವಿಟ್ಟು ಫೋಟೋ ತೆಗ್ದು ತನ್ನಿ. ಇಂಚು, ಸೆಂಟಲ್ಲಿ (ಇಂಚಿನ ನೂರನೇ ಒಂದು ಭಾಗ) ಬರ್ದಿರ್ತಾರಲ್ಲ, ಅದೇ. ಹವಾಮಾನ ಬದಲಾವಣೆ ಅಂತ ಬೋರ್ಡ್ ಮೇಲೆ ಬರೆದ್ರೆ ಮಕ್ಕಳಿಗೆ ತಲೆಗೆ ಹೋಗಲ್ಲ, ಅಜ್ಜ ಬರೆದ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ತಾರೀಕು ನೋಡಿದ್ರೆ ತಾವೇ ಪ್ರಶ್ನೆ ಕೇಳ್ತಾರೆ. ಒಂದು ವರ್ಷದ ಮಳೆ ಬೇರೆ, 30 ವರ್ಷದ ಸರಾಸರಿ ಬೇರೆ, ಇದನ್ನ ಮೊದ್ಲು ಹೇಳ್ಬೇಕು.

ಗಾಳಿ 1 ಡಿಗ್ರಿ ಬಿಸಿಯಾದ್ರೆ ಸುಮಾರು 7% ಜಾಸ್ತಿ ನೀರಾವಿ ಹಿಡ್ಕೊಳ್ಳುತ್ತೆ, ಅದಕ್ಕೇ ಮಳೆ ಬಂದ್ರೆ ಒಂದೇ ಸಲ ಸುರಿಯೋ ಸಾಧ್ಯತೆ ಹೆಚ್ಚು. ಶಾಖ ಹಿಡಿದಿಟ್ಟು ಗಾಳಿ ಬಿಸಿ ಮಾಡೋ ಕಾರ್ಬನ್ ಡೈಆಕ್ಸೈಡ್ ಕೈಗಾರಿಕೆಗಳು ಶುರುವಾಗೋ ಮೊದ್ಲು ಸುಮಾರು 280 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಭಾಗ) ಇತ್ತು, ಈಗ 420 ದಾಟಿದೆ.

2018ರ ಆಗಸ್ಟಲ್ಲಿ ಕೊಡಗಲ್ಲಿ ಆದ ಭಾರಿ ಮಳೆ, ಗುಡ್ಡ ಕುಸಿತದ ಬಗ್ಗೆ ಮಾತ್ರ ಹುಷಾರು. ಕ್ಲಾಸಲ್ಲಿ ಮನೆ ಕಳ್ಕೊಂಡ ಕುಟುಂಬದ ಮಕ್ಕಳು ಇರ್ಬಹುದು, ಮತ್ತೆ ಗುಡ್ಡ ಕುಸಿದಿದ್ದಕ್ಕೆ ಎಲ್ಲಾ ಹವಾಮಾನ ಬದಲಾವಣೆನೇ ಕಾರಣ ಅಂದ್ಬಿಡ್ಬೇಡಿ, ಇಳಿಜಾರು ಕಡಿದು ರಸ್ತೆ, ಮನೆ ಮಾಡಿದ್ದೂ ಸೇರುತ್ತೆ.

ಒಂದು ಪ್ರಯೋಗ ಮಾಡಿ ತೋರ್ಸೋಕೆ ಎರಡು ಥರ್ಮಾಮೀಟರ್ ಇದ್ದವರು ತನ್ನಿ, ಗಾಜಿನ ಬಾಟಲಿ ನಾನು ತರ್ತೀನಿ.