ಲಿಂಕನ್ ಕಟ್ಟಿದ ಪಕ್ಷ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ರಾಜಕೀಯದ ಬಗ್ಗೆ ಬಂದ ಲೇಖನದಲ್ಲಿ, ಗುಲಾಮಗಿರಿ ರದ್ದು ಮಾಡಲು ಅಬ್ರಹಾಂ ಲಿಂಕನ್ ರಿಪಬ್ಲಿಕನ್ ಪಕ್ಷ ಕಟ್ಟಿದರು ಎಂದಿದೆ. ಒಂದೇ ಸಾಲಿನಲ್ಲಿ ಎರಡು ತಪ್ಪು. ಸುಮ್ನೆ ಬಿಡಬಹುದಿತ್ತು. ಆದರೆ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ನನ್ನ ತಂಗಿಯ ಮಗಳು ಅದನ್ನು ಹಾಗೇ ನೋಟ್ಸಿಗೆ ಇಳಿಸಿಕೊಂಡಿದ್ದಾಳೆ. ನಾನು ಅಲ್ಲ ಅಂದರೆ "ಪೇಪರಿನಲ್ಲೇ ಬಂದಿದೆಯಲ್ಲ ಮಾವ" ಅಂತಾಳೆ. ಅಡಿಕೆ ತೋಟದವನ ಮಾತಿಗಿಂತ ನಿಮ್ಮ ಪೇಪರಿಗೆ ಬೆಲೆ ಜಾಸ್ತಿ, ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ಜಗಳ ಶುರುವಾದದ್ದು ನಕ್ಷೆಯ ಮೇಲಿನ ಒಂದು ಗೆರೆಯಿಂದ. ಗೆರೆ ಅಂದರೆ ಏನು ಅಂತ ಕಾಸರಗೋಡಿನವರಿಗೆ ಹೇಳಿಕೊಡಬೇಕಿಲ್ಲ. 1956ರ ನವೆಂಬರ್ 1ರಂದು ಮನೆಯಲ್ಲಿ ಕೂತಲ್ಲೇ ರಾಜ್ಯ ಬದಲಾದವರು ನಾವು. ಅಮೆರಿಕದಲ್ಲಿ ಗುಲಾಮಗಿರಿ ಬೇಕೆನ್ನುವ ರಾಜ್ಯಗಳಿಗೂ ಬೇಡವೆನ್ನುವ ರಾಜ್ಯಗಳಿಗೂ 1820ರಲ್ಲಿ ಒಂದು ರಾಜಿ ಆಗಿತ್ತು. ಪಶ್ಚಿಮದ ಹೊಸ ನೆಲದಲ್ಲಿ, ಮಿಸೌರಿ ರಾಜ್ಯ ಒಂದನ್ನು ಬಿಟ್ಟರೆ, 36 ಡಿಗ್ರಿ 30 ನಿಮಿಷದ ಅಕ್ಷಾಂಶದಿಂದ ಉತ್ತರಕ್ಕೆ ಗುಲಾಮಗಿರಿ ಇರಬಾರದು ಅಂತ. 1854ರಲ್ಲಿ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಸ್ಟೀಫನ್ ಡಗ್ಲಸ್ ಕಾನ್ಸಾಸ್-ನೆಬ್ರಾಸ್ಕಾ ಮಸೂದೆ ತಂದು ಆ ಗೆರೆಯನ್ನೇ ಅಳಿಸಿದರು. ಅಲ್ಲಿ ನೆಲೆಸುವ ಜನರೇ ಓಟು ಹಾಕಿ ತೀರ್ಮಾನಿಸಲಿ ಅಂದರು. ಕೇಳಲು ಚೆನ್ನಾಗಿದೆ, ಅಲ್ವಾ? ನಡೆದದ್ದು ಏನೆಂದರೆ, 1855ರ ಮಾರ್ಚಿನಲ್ಲಿ ಕಾನ್ಸಾಸಿನ ಚುನಾವಣೆಗೆ ಪಕ್ಕದ ಮಿಸೌರಿಯಿಂದ ಜನ ಬಂದೂಕು ಹಿಡಿದುಕೊಂಡು ಗಡಿ ದಾಟಿ ಬಂದು ಓಟು ಹಾಕಿ ಹೋದರು. ಅರ್ಹ ಮತದಾರರು ಮೂರು ಸಾವಿರಕ್ಕೂ ಕಡಿಮೆ, ಬಿದ್ದ ಓಟು ಆರು ಸಾವಿರಕ್ಕೂ ಹೆಚ್ಚು.

ರಿಪಬ್ಲಿಕನ್ ಪಕ್ಷ ಹುಟ್ಟಿದ್ದು ಇದಕ್ಕೂ ಮೊದಲೇ, ಆ ಮಸೂದೆಯ ಮೇಲಿನ ಸಿಟ್ಟಿನಲ್ಲಿ. 1854ರ ಮಾರ್ಚ್ 20ರಂದು ವಿಸ್ಕಾನ್ಸಿನ್‌ನ ರಿಪನ್ ಎಂಬ ಸಣ್ಣ ಊರಿನ ಶಾಲೆಯೊಂದರಲ್ಲಿ ಐವತ್ತು ಚಿಲ್ಲರೆ ಜನ ಸೇರಿದರು. ಕರೆದವರು ಆಲ್ವನ್ ಬೋವೆ ಎಂಬ ವಕೀಲರು. ಜುಲೈ 6ರಂದು ಮಿಷಿಗನ್‌ನ ಜಾಕ್ಸನ್‌ನಲ್ಲಿ ದೊಡ್ಡ ಸಭೆ ಆಯಿತು. ಜನ ಹಿಡಿಸುವಷ್ಟು ದೊಡ್ಡ ಹಾಲ್ ಊರಲ್ಲಿ ಇರಲಿಲ್ಲ, ಓಕ್ ಮರಗಳ ಅಡಿಯಲ್ಲೇ ಕೂತು ಅಭ್ಯರ್ಥಿಗಳನ್ನು ಆರಿಸಿದರು. ಪಕ್ಷ ಹುಟ್ಟಿದ್ದು ನಮ್ಮಲ್ಲೇ ಅಂತ ಎರಡೂ ಊರಿನವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಎರಡು ಕಡೆಯೂ ಲಿಂಕನ್ ಇರಲಿಲ್ಲ.

ಅವರು ಆಗ ವಿಗ್ ಎಂಬ ಹಳೆಯ ಪಕ್ಷದಲ್ಲಿದ್ದರು. ಆ ಅಕ್ಟೋಬರಿನಲ್ಲಿ ಇಲಿನಾಯ್‌ನ ಹೊಸ ಪಕ್ಷದವರು ಕೇಳದೆಯೇ ಅವರ ಹೆಸರನ್ನು ಸಮಿತಿಗೆ ಸೇರಿಸಿದಾಗ ಅವರು ಒಪ್ಪಲಿಲ್ಲ. ಮರುವರ್ಷ ಗೆಳೆಯ ಜೋಶುವಾ ಸ್ಪೀಡ್‌ಗೆ ಬರೆದ ಕಾಗದದಲ್ಲೂ, ನಾನು ವಿಗ್ ಅಂದುಕೊಂಡಿದ್ದೇನೆ, ವಿಗ್ ಅಂತ ಯಾರೂ ಉಳಿದಿಲ್ಲ ಅನ್ನುತ್ತಾರೆ ಉಳಿದವರು, ಎಂಬ ಧಾಟಿಯಲ್ಲೇ ಇದ್ದಾರೆ. ಹೊಸ ಪಕ್ಷಕ್ಕೆ ಬಂದದ್ದು 1856ರಲ್ಲಿ. ಆ ವರ್ಷ ಪಕ್ಷದ ಮೊದಲ ಅಧ್ಯಕ್ಷ ಅಭ್ಯರ್ಥಿಯಾಗಿ ನಿಂತವರು ಜಾನ್ ಫ್ರೆಮಾಂಟ್. ಸೋತರು, ಆದರೂ 11 ರಾಜ್ಯ ಗೆದ್ದರು. ಹುಟ್ಟಿ ಎರಡು ವರ್ಷದ ಪಕ್ಷಕ್ಕೆ ಅದೇನು ಕಡಿಮೆಯೇ?

ಇನ್ನು ಎರಡನೇ ತಪ್ಪು. ಹೊಸ ಪಕ್ಷದವರ ಬೇಡಿಕೆ ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದು ಎಂಬುದಷ್ಟೇ, ದಕ್ಷಿಣದಲ್ಲಿ ಇದ್ದದ್ದನ್ನು ಕಿತ್ತು ಹಾಕುತ್ತೇವೆ ಅಂತ ಪಕ್ಷ ಹೇಳಿರಲಿಲ್ಲ. ಗುಲಾಮಗಿರಿ ಪಾಪ ಎಂದು ನಂಬಿದವರು ಅಲ್ಲಿದ್ದರು ನಿಜ. ಹೊಸ ನೆಲ ಬಿಳಿಯ ರೈತರಿಗಷ್ಟೇ ಸಿಗಲಿ ಅನ್ನುವವರೂ ಇದ್ದರು, ವಲಸೆ ಬಂದ ಕ್ಯಾಥೊಲಿಕರನ್ನು ಕಂಡರಾಗದವರೂ ಬಂದು ಸೇರಿದರು. ಇದನ್ನೆಲ್ಲ ಬಿಟ್ಟು ಬರೀ ಪುಣ್ಯಕಥೆ ಮಾಡಿದರೆ ಓದುವ ಮಕ್ಕಳಿಗೆ ಏನು ತಿಳಿಯುತ್ತದೆ?

ನನಗೆ ಇದರಲ್ಲಿ ಜಾಸ್ತಿ ಕುತೂಹಲ ಬೇರೆ: ಒಂದೇ ಬೇಡಿಕೆಯಿಂದ ಹುಟ್ಟಿದ ಪಕ್ಷ ಉಳಿದು ಬೆಳೆದದ್ದು ಹೇಗೆ? ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂಬ ಒಂದೇ ಮಾತಿನ ಮೇಲೆ ನಮ್ಮಲ್ಲೂ ರಾಜಕೀಯ ನಡೆದಿತ್ತು. 1957ರಲ್ಲಿ ಮಂಜೇಶ್ವರದಲ್ಲಿ ಪಕ್ಷೇತರರಾಗಿ ನಿಂತ ಉಮೇಶ ರಾಯರು ಅವಿರೋಧವಾಗಿಯೇ ಗೆದ್ದರು. ಆಮೇಲೆ ಮಹಾಜನ ವರದಿ ಬಂತು, ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಅಂದಿತು, ಗೆರೆ ಮಾತ್ರ ಅಲ್ಲೇ ಉಳಿಯಿತು, ಆ ಬಲ ಕರಗಿತು. ರಿಪಬ್ಲಿಕನ್ನರು ಒಂದೇ ಮಾತಿಗೆ ಅಂಟಿಕೊಂಡು ಕೂರಲಿಲ್ಲ. 1860ರ ಷಿಕಾಗೊ ಸಭೆಯಲ್ಲಿ ನೆಲೆಸುವ ರೈತರಿಗೆ ಸರಕಾರಿ ಜಾಗ, ಪೆಸಿಫಿಕ್ ಕಡಲಿನವರೆಗೆ ರೈಲು, ಕಾರ್ಖಾನೆಗಳಿಗೆ ಅನುಕೂಲವಾಗುವ ಆಮದು ಸುಂಕ ಎಲ್ಲವನ್ನೂ ಸೇರಿಸಿದರು. ಆ ಸಲ ಲಿಂಕನ್ ನಿಂತರು, ನಾಲ್ಕು ಜನರ ಪೈಪೋಟಿಯಲ್ಲಿ ಶೇಕಡ 40ರಷ್ಟು ಓಟಿಗೇ ಗೆದ್ದರು. ದಕ್ಷಿಣದ ಹೆಚ್ಚಿನ ರಾಜ್ಯಗಳಲ್ಲಿ ಅವರಿಗೆ ಓಟು ಹಾಕಲು ಚೀಟಿಯೇ ಇರಲಿಲ್ಲ. ದೇಶದಾದ್ಯಂತ ಗುಲಾಮಗಿರಿ ರದ್ದು ಮಾಡಿದ 13ನೇ ತಿದ್ದುಪಡಿ ಬಂದದ್ದು 1865ರಲ್ಲಿ, ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧ ಮುಗಿದ ಮೇಲೆ.

ಮುಂದಿನ ಭಾನುವಾರ ಆ ಒಂದು ಸಾಲು ತಿದ್ದಿ ಹಾಕಿ. ನಮ್ಮ ಹುಡುಗಿಯ ಪರೀಕ್ಷೆ ಹತ್ತಿರ ಬಂದಿದೆ.

ಇತಿ,
ನಿಮ್ಮ ಹಳೆಯ ಓದುಗ
ಪೆರ್ಲ, ಕಾಸರಗೋಡು